‘ಮುಂದೆ ತಗೊಂಡು ಹೋಗಿ’: ಘಟ್ಟದ ದಾರಿ ಮತ್ತು ಬಾಣಂತಿಯ ಎರಡು ಗಂಟೆ

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಶಾಲೆಯ ಮೆಟ್ಟಿಲು ಹತ್ತದವರಿಗೂ ಗೊತ್ತಿರುವ ಒಂದು ಇಂಗ್ಲಿಷ್ ಶಬ್ದವಿದೆ: ರೆಫರ್. ‘ರಾತ್ರಿ ಹನ್ನೊಂದಕ್ಕೆ ರೆಫರ್ ಮಾಡಿದ್ರು’, ‘ರೆಫರ್ ಚೀಟಿ ಎಲ್ಲಿಟ್ಟಿದ್ದೆ?’ ಎಂಬ ಮಾತು ಶಿರಸಿಯ ಬಸ್ ಸ್ಟ್ಯಾಂಡಿನಲ್ಲೂ ಅಂಕೋಲೆಯ ಮೀನುಪೇಟೆಯಲ್ಲೂ ಒಂದೇ ರೀತಿ ಕೇಳುತ್ತದೆ.

ಕೆಲವು ವರ್ಷದ ಹಿಂದೆ, ಆಷಾಢದ ಒಂದು ರಾತ್ರಿ, ನನ್ನ ಚಿಕ್ಕಮ್ಮನ ಮಗಳಿಗೆ ಹೆರಿಗೆಯಾಯಿತು. ತಾಲ್ಲೂಕು ಮಟ್ಟದ ಆಸ್ಪತ್ರೆ, ಹೆಸರು ಬೇಡ. ಕೂಸು ಚೆನ್ನಾಗಿ ಅತ್ತಿತು. ಚಿಕ್ಕಮ್ಮ ವರಾಂಡಕ್ಕೆ ಬಂದು ಎಲ್ಲರ ಕೈಗೂ ಸಕ್ಕರೆ ಹಾಕಿದಳು. ಅರ್ಧ ಗಂಟೆಯ ಮೇಲೆ ಸಿಸ್ಟರ್ ಒಬ್ಬರು ಬಂದು ‘ಹಳೇ ಪಂಚೆ, ಸೀರೆ ಏನಾದ್ರೂ ಉಂಟಾ?’ ಎಂದು ಕೇಳಿ ತೆಗೆದುಕೊಂಡು ಹೋದರು. ಹತ್ತು ನಿಮಿಷಕ್ಕೆ ಮತ್ತೆ ಬಂದರು, ಇನ್ನಷ್ಟು ಬಟ್ಟೆ ಬೇಕು. ಮೂರನೇ ಸಲ ಅವರು ಬಂದಾಗ ಹಿಂದೆಯೇ ಡಾಕ್ಟರೂ ಇದ್ದರು. ‘ರಕ್ತ ನಿಲ್ತಾ ಇಲ್ಲ. ಇಲ್ಲಿ ಆಗೂದಿಲ್ಲ, ಮುಂದೆ ತಗೊಂಡು ಹೋಗಿ.’

‘ಮುಂದೆ ಅಂದ್ರೆ ಎಲ್ಲಿಗೆ ಡಾಕ್ಟ್ರೇ?’ ಎಂದಳು ಚಿಕ್ಕಮ್ಮ.

ತಂಗಿ ಬದುಕಿದಳು. ಆ ಕತೆ ಆಮೇಲೆ. ಈಗ ಚಿಕ್ಕಮ್ಮನ ಪ್ರಶ್ನೆಯನ್ನು ನೋಡೋಣ, ಏಕೆಂದರೆ ಅದಕ್ಕೆ ನಮ್ಮ ಜಿಲ್ಲೆಯಲ್ಲಿ ಊರಿಗೊಂದು ಉತ್ತರ. ಭಟ್ಕಳ, ಹೊನ್ನಾವರ, ಕುಮಟೆಯವರಿಗೆ ‘ಮುಂದೆ’ ಎಂದರೆ ಮಣಿಪಾಲ. ಕಾರವಾರದವರಿಗೆ ಗೋವಾದ ಬಾಂಬೋಳಿ. ಶಿರಸಿ, ಯಲ್ಲಾಪುರ, ಮುಂಡಗೋಡದವರಿಗೆ ಹುಬ್ಬಳ್ಳಿ. ಸಿದ್ದಾಪುರದ ಆಚೆ ಅಂಚಿನವರಿಗೆ ಸಾಗರ, ಶಿವಮೊಗ್ಗ. ಜೋಯಿಡಾದವರಿಗೆ ಮೊದಲು ದಾಂಡೇಲಿ, ಅಲ್ಲಿಂದ ಧಾರವಾಡವೋ ಬೆಳಗಾವಿಯೋ. 10,291 ಚದರ ಕಿಲೋಮೀಟರಿನ ಜಿಲ್ಲೆ, ಹನ್ನೆರಡು ತಾಲ್ಲೂಕು, ಬಹುಪಾಲು ಕಾಡು, ನಡುವೆ ಗೋಡೆಯಂತೆ ಘಟ್ಟ. ಕಾರವಾರದಲ್ಲಿ ಸರ್ಕಾರಿ ವೈದ್ಯಕೀಯ ಕಾಲೇಜು ಇದೆ, ನಿಜ. ಆದರೆ ಘಟ್ಟದ ಮೇಲಿನವರಿಗೆ ಕಾರವಾರ ಎಂದರೆ ಡಿಸಿ ಆಫೀಸಿನ ಕೆಲಸಕ್ಕೆ ಹೋಗುವ ಊರು, ಕಾಯಿಲೆಗೆ ಹೋಗುವ ಊರಲ್ಲ.

ಹೆರಿಗೆಯ ತೊಡಕುಗಳಿಗೆ ಚಿಕಿತ್ಸೆಯೇ ಸಿಗದೆ ಹೋದರೆ ಸಾವು ಎಷ್ಟು ಹೊತ್ತಿಗೆ ಬರುತ್ತದೆ ಎಂಬುದಕ್ಕೆ ವೈದ್ಯಲೋಕದಲ್ಲಿ ಒಂದು ಹಳೆಯ ಅಂದಾಜಿದೆ. ಕೂಸು ಹೊರಬರಲು ದಾರಿ ಸಿಗದೆ ಹೆರಿಗೆ ಕಟ್ಟಿಕೊಂಡರೆ ಸುಮಾರು ಮೂರು ದಿನ. ಬಿಪಿ ಏರಿ ಫಿಟ್ಸ್ ಬರುವ ಬಸುರಿ ನಂಜಿಗೆ ಎರಡು ದಿನ. ಹೆರಿಗೆಯ ನಂತರದ ಸೋಂಕಿಗೆ ಆರು ದಿನ. ಹೆರಿಗೆಗೆ ಮೊದಲೇ ರಕ್ತ ಹೋಗತೊಡಗಿದರೆ ಹನ್ನೆರಡು ಗಂಟೆ. ಹೆರಿಗೆಯಾದ ಮೇಲೆ ರಕ್ತ ಹೋಗತೊಡಗಿದರೆ ಎರಡು ಗಂಟೆ.

ಈ ಪಟ್ಟಿಯನ್ನು ನಮ್ಮ ರಸ್ತೆಗಳ ಪಕ್ಕಕ್ಕಿಟ್ಟು ನೋಡಿ. ದಿನಗಳ ಲೆಕ್ಕದಲ್ಲಿರುವ ತೊಡಕುಗಳಿಗೆ ಘಟ್ಟ ಇಳಿಯಲು, ಏರಲು ಸಮಯವಿದೆ, ಯಾರಾದರೂ ಸಕಾಲದಲ್ಲಿ ಗುರುತಿಸಿದ್ದರೆ. ಎರಡು ಗಂಟೆಯದ್ದಕ್ಕೆ ಇಲ್ಲ. ಶಿರಸಿಯಿಂದ ಹುಬ್ಬಳ್ಳಿ ನೂರು ಕಿಲೋಮೀಟರಿನ ಆಸುಪಾಸು. ಹೊನ್ನಾವರದಿಂದ ಮಣಿಪಾಲ ಅದಕ್ಕೂ ಹೆಚ್ಚು. ಇದು ಒಣಗಿದ ರಸ್ತೆಯ ಮಾತು. ಮಳೆಗಾಲದಲ್ಲಿ ದೇವಿಮನೆ, ಅರಬೈಲು, ಅಣಶಿ ಘಟ್ಟಗಳಲ್ಲಿ ಯಾವಾಗ ಮರ ಬೀಳುತ್ತದೆ, ಯಾವಾಗ ಗುಡ್ಡ ಜಾರುತ್ತದೆ ಎಂದು ಹೇಳುವವರಿಲ್ಲ. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಹೆದ್ದಾರಿಯ ಮೇಲೆಯೇ ಬಿತ್ತು, ಕರಾವಳಿಯ ಏಕೈಕ ದೊಡ್ಡ ರಸ್ತೆ ದಿನಗಟ್ಟಲೆ ಬಂದಾಯಿತು. ಮೂರು ವಾರ ಕಳೆಯುತ್ತಿದ್ದಂತೆ, ಆಗಸ್ಟ್ 7ರ ನಸುಕಿನಲ್ಲಿ ಕಾರವಾರದ ಕಾಳಿ ನದಿಯ ಹಳೇ ಸೇತುವೆ ಕುಸಿಯಿತು, ಅದು ಗೋವಾದ ದಾರಿ. ಆ ಒಂದು ಮಳೆಗಾಲದಲ್ಲಿ ನಮ್ಮ ಎರಡು ‘ಮುಂದೆ’ಗಳಿಗೂ ಪೆಟ್ಟು ಬಿದ್ದಿತ್ತು.

ಇಷ್ಟಾದರೂ ದೇಶದ ಅಂಕಿ ಸುಧಾರಿಸಿದೆ, ಅದನ್ನು ಹೇಳದಿದ್ದರೆ ತಪ್ಪಾಗುತ್ತದೆ. ಒಂದು ಲಕ್ಷ ಜೀವಂತ ಜನನಕ್ಕೆ ಎಷ್ಟು ತಾಯಂದಿರು ಸಾಯುತ್ತಾರೆ ಎಂಬ ಲೆಕ್ಕ ಭಾರತದಲ್ಲಿ 2014–16ರಲ್ಲಿ 130 ಇದ್ದದ್ದು 2018–20ಕ್ಕೆ 97ಕ್ಕೆ ಇಳಿಯಿತು. ಕರ್ನಾಟಕದ್ದು ಅದೇ ಅವಧಿಯಲ್ಲಿ 69. 2030ರ ಹೊತ್ತಿಗೆ 70ಕ್ಕಿಂತ ಕೆಳಗಿರಬೇಕು ಎಂಬುದು ಜಗತ್ತು ಒಪ್ಪಿಕೊಂಡ ಗುರಿ, ಆದ್ದರಿಂದ ಕಾಗದದ ಮೇಲೆ ನಾವು ಪಾಸು. ಪಕ್ಕದವರ ಅದೇ ಅವಧಿಯ ಅಂಕಪಟ್ಟಿ ನೋಡಿದರೆ ಮಾತ್ರ ಮುಖ ಸಣ್ಣದಾಗುತ್ತದೆ: ತಮಿಳುನಾಡು 54, ಆಂಧ್ರ 45, ತೆಲಂಗಾಣ 43, ಕೇರಳ 19. ದಕ್ಷಿಣದ ಐದು ರಾಜ್ಯಗಳಲ್ಲಿ ಕಡೆಯ ಬೆಂಚು ನಮ್ಮದೇ.

ಇಲ್ಲೊಂದು ಒಗಟಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ನೂರಕ್ಕೆ 97 ಹೆರಿಗೆ ಆಸ್ಪತ್ರೆಯಲ್ಲೇ ಆಗುತ್ತದೆ. ‘ಮನೆಯಲ್ಲಿ ಹೆರಬೇಡಿ, ಆಸ್ಪತ್ರೆಗೆ ಬನ್ನಿ’ ಎಂದು 2005ರಿಂದ ಜನನಿ ಸುರಕ್ಷಾ, ಆಮೇಲೆ ಮಡಿಲು ಕಿಟ್, ತಾಯಿ ಭಾಗ್ಯ, ನಗು-ಮಗು ವಾಹನ ಎಂದು ಹೇಳಿದ್ದೇ ಹೇಳಿದ್ದು. ಜನ ಕೇಳಿದರು, ಬಂದರು. ಜೋಯಿಡಾದ ಕುಣಬಿ ಹಾಡಿಯಿಂದ, ಯಲ್ಲಾಪುರದ ಸಿದ್ದಿ ಕೇರಿಯಿಂದ ಬಸುರಿಯನ್ನು ಕಂಬಳಿಯ ಜೋಲಿಯಲ್ಲಿ ಹೊತ್ತು, ಕಾಲುಸಂಕ ದಾಟಿಸಿ ರಸ್ತೆಗೆ ತಂದರು. ಹಾಗಾದರೆ ಇನ್ನೂ ಸಾವು ಯಾಕೆ? ಒಳಗೆ ಬಂದವರಿಗೆ ಒಳಗೆ ಏನಿದೆ ಎಂಬ ಪ್ರಶ್ನೆಯನ್ನು ನಾವು ಅಷ್ಟೇ ಗಟ್ಟಿಯಾಗಿ ಕೇಳಲಿಲ್ಲ, ಅದಕ್ಕೆ.

2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡಾಗ, ಸಲೈನ್ ಬಾಟಲಿಯ ಮೇಲೆ ಅನುಮಾನ ಬಂದಾಗ, ರಾಜ್ಯ ಈ ಪ್ರಶ್ನೆಯ ಕಡೆ ತಿರುಗಿತು. 2024ರ ಏಪ್ರಿಲ್‌ನಿಂದ ಡಿಸೆಂಬರ್‌ವರೆಗಿನ 464 ತಾಯಂದಿರ ಸಾವನ್ನು ಒಂದೊಂದಾಗಿ ಪರಿಶೀಲಿಸಿದ ವರದಿ ಬಂತು. ಅದರಲ್ಲಿ ನೂರಕ್ಕೆ ಎಪ್ಪತ್ತಕ್ಕೂ ಹೆಚ್ಚು ಸಾವು ತಪ್ಪಿಸಬಹುದಾಗಿದ್ದವು. ಟಿವಿಯವರಿಗೆ ಬೇಕಾದದ್ದು ಸಲೈನಿನ ಕತೆ. ನನ್ನ ಮಟ್ಟಿಗೆ ಆ ಎಪ್ಪತ್ತೇ ಸುದ್ದಿ.

ಈಗ ನಮ್ಮ ಜಿಲ್ಲೆಯ ದೊಡ್ಡ ಬೇಡಿಕೆಗೆ ಬರುತ್ತೇನೆ, ಸ್ವಲ್ಪ ಅಳುಕಿನಿಂದಲೇ. ‘ಉತ್ತರ ಕನ್ನಡಕ್ಕೊಂದು ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು’ ಎಂಬ ಕೂಗು 2019ರಲ್ಲಿ ಮೊಬೈಲುಗಳಲ್ಲಿ ಎದ್ದಿತು. 2022ರ ಜುಲೈ 20ರಂದು ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಬೈಂದೂರಿನ ಶಿರೂರು ಟೋಲ್ ಗೇಟಿಗೆ ಬಡಿದು ನಾಲ್ವರು ಸತ್ತ ಮೇಲೆ ಅದು ‘ನೋ ಹಾಸ್ಪಿಟಲ್, ನೋ ವೋಟ್’ ಆಯಿತು. ನಾನೂ ಆ ಪೋಸ್ಟು ಹಂಚಿದವನೇ. ಹೃದಯಾಘಾತಕ್ಕೆ, ತಲೆಗೆ ಪೆಟ್ಟು ಬಿದ್ದವರಿಗೆ, ಕ್ಯಾನ್ಸರಿಗೆ ಅಂಥದ್ದೊಂದು ಬೇಕೇ ಬೇಕು. ಆದರೆ ಅದು ಕುಮಟೆಯಲ್ಲೇ ಆಗಲಿ, ಶಿರಸಿಯಲ್ಲೇ ಆಗಲಿ, ಕಾರವಾರದಲ್ಲೇ ಆಗಲಿ, ಜಿಲ್ಲೆಯ ಎಷ್ಟೋ ಬಾಣಂತಿಯರಿಗೆ ಎರಡು ಗಂಟೆಯ ಆಚೆಯೇ ಉಳಿಯುತ್ತದೆ. ಎಲ್ಲಿ ಕಟ್ಟಬೇಕು ಎಂದು ಕರಾವಳಿ–ಘಟ್ಟದ ಮೇಲಿನವರು ಜಗಳವಾಡುವುದನ್ನು ಕೇಳುವಾಗಲೆಲ್ಲ ಅನ್ನಿಸುತ್ತದೆ: ರಕ್ತ ಹೋಗುತ್ತಿರುವ ಬಾಣಂತಿಗೆ ಬೇಕಾದ ಯಾವ ವಿದ್ಯೆಯೂ ‘ಸೂಪರ್’ ಅಲ್ಲ. ಒಬ್ಬ ಪ್ರಸೂತಿ ತಜ್ಞೆ, ಒಬ್ಬ ಅರಿವಳಿಕೆ ತಜ್ಞ, ನಾಲ್ಕು ಬಾಟಲಿ ರಕ್ತ, ಕರೆಂಟು ಹೋದರೂ ತಣ್ಣಗಿರುವ ಒಂದು ಫ್ರಿಜ್.

ಫ್ರಿಜ್ಜಿನಿಂದಲೇ ಶುರುಮಾಡುವೆ. ಕೂಸು ಹುಟ್ಟಿದ ಒಂದು ನಿಮಿಷದೊಳಗೆ ತಾಯಿಗೆ ಆಕ್ಸಿಟೋಸಿನ್ ಇಂಜೆಕ್ಷನ್ ಕೊಡುತ್ತಾರೆ. ಗರ್ಭಕೋಶ ಮುಷ್ಟಿಯಂತೆ ಬಿಗಿದುಕೊಳ್ಳಲಿ, ಮಾಸು ಕಳಚಿದ ಜಾಗದ ರಕ್ತನಾಳಗಳು ಮುಚ್ಚಿಕೊಳ್ಳಲಿ ಎಂದು. ಅಗ್ಗದ ಔಷಧ. ಆದರೆ ಅದನ್ನು 2ರಿಂದ 8 ಡಿಗ್ರಿಯ ತಂಪಿನಲ್ಲಿ ಇಡಬೇಕು. ಜೂನಿನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕಾಡಂಚಿನ ಊರುಗಳಲ್ಲಿ ಕರೆಂಟು ಬಂತು ಎಂದರೇ ಸುದ್ದಿ. ಫ್ರಿಜ್ ಇದ್ದೂ ತಂಪಿಲ್ಲದಿದ್ದರೆ ಔಷಧದ ಕಸುವು ಇಳಿಯುತ್ತದೆ, ಬಣ್ಣ ಬದಲಾಗದು, ವಾಸನೆ ಬಾರದು. ಸಿಸ್ಟರ್ ಇಂಜೆಕ್ಷನ್ ಕೊಟ್ಟಿರುತ್ತಾರೆ, ರಿಜಿಸ್ಟರಿನಲ್ಲಿ ಬರೆದಿರುತ್ತಾರೆ, ಗರ್ಭಕೋಶ ಮಾತ್ರ ಬಿಗಿಯುವುದಿಲ್ಲ. ಇದಕ್ಕೆ ಪರಿಹಾರವಾಗಬಲ್ಲ ಔಷಧದ ಪರೀಕ್ಷೆ ನಮ್ಮ ಪಕ್ಕದ ಮನೆಯಲ್ಲೇ ನಡೆದಿತ್ತು. ಬೆಳಗಾವಿ ಜಿಲ್ಲೆಯ ಹಳ್ಳಿಗಳಲ್ಲಿ 1,620 ಹೆಂಗಸರ ಮೇಲೆ ನಡೆಸಿ, 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಾಯಿಗೆ ಕೊಡುವ ಮಿಸೊಪ್ರೊಸ್ಟಾಲ್ ಮಾತ್ರೆ ಹೆರಿಗೆಯ ನಂತರದ ಅತಿ ರಕ್ತಸ್ರಾವವನ್ನು ನೂರಕ್ಕೆ 12ರಿಂದ 6.4ಕ್ಕೆ ಇಳಿಸಿತು. ಕೊಟ್ಟವರು ತಜ್ಞ ಡಾಕ್ಟರುಗಳಲ್ಲ, ಹಳ್ಳಿಯ ದಾದಿಯರಾದ ಎಎನ್‌ಎಂಗಳು. ಈ ಮಾತ್ರೆಗೆ ಫ್ರಿಜ್ ಬೇಡ. ಘಟ್ಟದ ನೆತ್ತಿಯ ಉಪಕೇಂದ್ರಕ್ಕೆ ಇದಕ್ಕಿಂತ ಒಗ್ಗುವ ಔಷಧ ಇನ್ನೊಂದಿಲ್ಲ.

ಇನ್ನು ಆ ಹಳೇ ಪಂಚೆಗಳು. ನನ್ನ ತಂಗಿಯ ರಕ್ತ ಎಷ್ಟು ಹೋಯಿತು ಎಂದು ಆ ರಾತ್ರಿ ಯಾರಿಗೂ ಗೊತ್ತಿರಲಿಲ್ಲ. ಮೂರು ಕಂತು ಬಟ್ಟೆ ಎಂಬುದೇ ಅಳತೆ. ಅರ್ಧ ಲೀಟರ್ ದಾಟಿದರೆ ಅಪಾಯ ಎಂಬುದು ಪಾಠ. ಆದರೆ ಬಟ್ಟೆ ಹೀರಿದ, ಹಾಸಿಗೆ ಕುಡಿದ, ನೆಲಕ್ಕೆ ಹರಿದ ರಕ್ತವನ್ನು ಕಣ್ಣಂದಾಜಿನಲ್ಲಿ ಹೇಳಲು ಹೊರಟರೆ ಅನುಭವಿಗಳೂ ಇದ್ದದ್ದಕ್ಕಿಂತ ಕಡಿಮೆ ಹೇಳುತ್ತಾರೆ. 2023ರಲ್ಲಿ ಆಫ್ರಿಕಾದ ನಾಲ್ಕು ದೇಶಗಳ 80 ಆಸ್ಪತ್ರೆಗಳಲ್ಲಿ, ಎರಡು ಲಕ್ಷಕ್ಕೂ ಹೆಚ್ಚು ಹೆರಿಗೆಗಳಲ್ಲಿ ಒಂದು ಸರಳ ಪ್ರಯೋಗದ ಫಲ ಹೊರಬಂತು. ಹೆರಿಗೆಯಾದ ಕೂಡಲೇ ತಾಯಿಯ ಕೆಳಗೆ ಗೆರೆ ಹಾಕಿದ ಪ್ಲಾಸ್ಟಿಕ್ ಚೀಲದಂಥ ಹಾಸು. ರಕ್ತ ಗೆರೆ ಮುಟ್ಟಿತೋ, ಇನ್ನೊಬ್ಬರಿಗೆ ಕಾಯದೆ ಗರ್ಭಕೋಶ ಉಜ್ಜುವುದು, ಆಕ್ಸಿಟೋಸಿನ್, ಕಟ್ಟಿದ ರಕ್ತ ಕರಗದಂತೆ ತಡೆಯುವ ಟ್ರಾನೆಕ್ಸಾಮಿಕ್ ಆಸಿಡ್, ಸಲೈನ್, ಒಳಗೆ ಹರಿದಿದೆಯೇ ಎಂದು ಪರೀಕ್ಷೆ, ಎಲ್ಲವನ್ನೂ ಒಟ್ಟಿಗೆ. ಒಂದು ಮಾಡಿ ನೋಡಿ, ಆಗದಿದ್ದರೆ ಇನ್ನೊಂದು ಎಂಬ ಹಳೇ ಕ್ರಮವಿಲ್ಲ. ತೀವ್ರ ರಕ್ತಸ್ರಾವ, ಹೊಟ್ಟೆ ಕೊಯ್ಯಬೇಕಾಗಿ ಬರುವುದು, ಸಾವು, ಈ ಮೂರೂ ಸೇರಿದ ಲೆಕ್ಕ ನೂರಕ್ಕೆ 60ರಷ್ಟು ತಗ್ಗಿತು. ಟ್ರಾನೆಕ್ಸಾಮಿಕ್ ಆಸಿಡ್‌ನದ್ದೇ ಇನ್ನೊಂದು ಲೆಕ್ಕವಿದೆ: ಕೊಡುವುದು ಪ್ರತಿ ಹದಿನೈದು ನಿಮಿಷ ತಡವಾದಂತೆ ಅದರ ಪ್ರಯೋಜನ ಸುಮಾರು ನೂರಕ್ಕೆ ಹತ್ತರಷ್ಟು ಕರಗುತ್ತದೆ, ಮೂರು ಗಂಟೆಯ ಮೇಲೆ ಏನೂ ಉಳಿಯುವುದಿಲ್ಲ. ಆದ್ದರಿಂದ ಅದನ್ನು ‘ಮುಂದಿನ’ ಆಸ್ಪತ್ರೆಯಲ್ಲಿ ಕೊಡುವುದಲ್ಲ, ಆಂಬುಲೆನ್ಸಿಗೆ ಹತ್ತಿಸುವ ಮೊದಲು ಕೊಡುವುದು.

ಔಷಧದಿಂದ ನಿಲ್ಲದಿದ್ದರೆ ರಕ್ತ ಬೇಕು, ಆಪರೇಷನ್ ಬೇಕು. ಇಲ್ಲಿಯೇ ನಮ್ಮ ತಾಲ್ಲೂಕು ಆಸ್ಪತ್ರೆಗಳ ಲೆಕ್ಕ ತಪ್ಪುವುದು. ವಾರಕ್ಕೆ 168 ಗಂಟೆ. ಒಬ್ಬರೇ ಪ್ರಸೂತಿ ತಜ್ಞೆ ಇದ್ದರೆ, ಮೈ ಮುರಿದು 60 ಗಂಟೆ ದುಡಿದರೂ, 108 ಗಂಟೆ ಆ ಕುರ್ಚಿ ಖಾಲಿ. (ಈ 108 ಆಂಬುಲೆನ್ಸಿನ ನಂಬರೂ ಹೌದು. ಖಾಲಿ ಗಂಟೆಗಳನ್ನು ತುಂಬುವುದು ಅದೇ.) ಪ್ರಸೂತಿ ತಜ್ಞೆ ಇದ್ದು ಅರಿವಳಿಕೆ ಕೊಡುವವರು ರಜೆಯಲ್ಲಿದ್ದರೆ ಇಬ್ಬರೂ ಇಲ್ಲದ ಹಾಗೆಯೇ. ನಾವು ‘ನಮ್ಮ ತಾಲ್ಲೂಕಿಗೂ ಒಬ್ಬ ಸ್ತ್ರೀರೋಗ ತಜ್ಞೆ ಕೊಡಿ’ ಎಂದು ಮನವಿ ಕೊಡುತ್ತೇವೆ, ಶಾಸಕರು ಕೊಡಿಸಿ ಹಾರ ಹಾಕಿಸಿಕೊಳ್ಳುತ್ತಾರೆ. ಹನ್ನೆರಡು ತಾಲ್ಲೂಕಿಗೆ ಒಬ್ಬೊಬ್ಬರು ಎಂದು ಹಂಚಿದರೆ ಹನ್ನೆರಡು ಕಡೆಯೂ ರಾತ್ರಿ ಕತ್ತಲೆ. ಅದೇ ಹನ್ನೆರಡು ಜನರನ್ನು ನಾಲ್ಕು ಕಡೆ ಮೂವರಂತೆ ಕೂರಿಸಿ, ಜೊತೆಗೆ ಅರಿವಳಿಕೆಯವರನ್ನೂ ಮಕ್ಕಳ ಡಾಕ್ಟರನ್ನೂ ರಕ್ತವನ್ನೂ ಕೊಟ್ಟರೆ ನಾಲ್ಕು ಕಡೆ ದಿನದ ಇಪ್ಪತ್ನಾಲ್ಕು ಗಂಟೆ ಬೆಳಕು. ತಮಿಳುನಾಡು ಮಾಡಿದ್ದು ಹೆಚ್ಚುಕಡಿಮೆ ಇದನ್ನೇ: ಆಯ್ದ ಆಸ್ಪತ್ರೆಗಳನ್ನು ಹೆರಿಗೆ ತುರ್ತುಚಿಕಿತ್ಸೆಯ ಪೂರ್ಣ ಕೇಂದ್ರಗಳೆಂದು ಗುರುತಿಸಿ, ಅಲ್ಲಿ ಕತ್ತಲೆಯಾಗದಂತೆ ನೋಡಿಕೊಂಡಿತು. ನಮ್ಮಲ್ಲಿ ಇದನ್ನು ಹೇಳಿದರೆ ಬಾಕಿ ಎಂಟು ತಾಲ್ಲೂಕಿನವರು ರಸ್ತೆಗಿಳಿಯುತ್ತಾರೆ, ಅದೂ ಗೊತ್ತಿದೆ.

ಐದು ಲಕ್ಷ ಜನಕ್ಕೆ ಇಂಥದ್ದೊಂದು ಪೂರ್ಣ ಕೇಂದ್ರ ಇರಬೇಕು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಹಳೆಯ ಅಳತೆ. 2011ರ ಜನಗಣತಿಯಂತೆ ನಮ್ಮದು 14,37,169 ಜನರ ಜಿಲ್ಲೆ, ಆದ್ದರಿಂದ ಮೂರು ಸಾಕು ಎನ್ನುತ್ತದೆ ಲೆಕ್ಕ. ಅದು ತಲೆ ಎಣಿಸುತ್ತದೆ, ಘಟ್ಟ ಎಣಿಸುವುದಿಲ್ಲ. ಜೋಯಿಡಾದಲ್ಲಿ ಐವತ್ತು ಸಾವಿರ ಚಿಲ್ಲರೆ ಜನ, ಆದರೆ ಅದು ರಾಜ್ಯದ ದೊಡ್ಡ ತಾಲ್ಲೂಕುಗಳಲ್ಲೊಂದು. ಅಲ್ಲಿಗೆ ಪೂರ್ಣ ಕೇಂದ್ರ ಕೊಡಲಾಗದು. ಕೊಡಬಹುದಾದದ್ದು ಹೆರಿಗೆಗೆ ಹತ್ತು ದಿನ ಮೊದಲೇ ಬಸುರಿಯೂ ಅವಳ ಜೊತೆಗೊಬ್ಬರೂ ಬಂದು ಉಳಿಯಬಹುದಾದ ಒಂದು ತಂಗುಮನೆ, ಆಸ್ಪತ್ರೆಯ ಆವರಣದಲ್ಲೇ. ಅಡುಗೆ ಮಾಡಿಕೊಳ್ಳಲು ಒಲೆ, ಬಿಸಿನೀರಿಗೆ ಒಂದು ಹಂಡೆ, ಮನೆಯಲ್ಲಿ ಉಳಿದ ದನಕ್ಕೆ, ಮಕ್ಕಳಿಗೆ ಯಾರು ಎಂಬ ಪ್ರಶ್ನೆಗೂ ಒಂದಿಷ್ಟು ಉತ್ತರ. ದಿನಗೂಲಿ ತಪ್ಪುವ ಗಂಡನಿಗೆ ಏನಾದರೂ ಕೊಡದೆ ‘ಬಂದು ಉಳಿಯಿರಿ’ ಎಂದರೆ ಯಾರೂ ಬರುವುದಿಲ್ಲ.

ಬಸುರಿ ನಂಜಿನದ್ದು ಬೇರೆ ಕತೆ, ಅದಕ್ಕೆ ದಿನಗಳಿವೆ. ಬಿಪಿ ಯಂತ್ರ, ಮೂತ್ರ ಪರೀಕ್ಷೆಯ ಪಟ್ಟಿ, ಮೆಗ್ನೀಷಿಯಂ ಸಲ್ಫೇಟ್. ಈ ಇಂಜೆಕ್ಷನ್ ಫಿಟ್ಸ್‌ನ ಅಪಾಯವನ್ನು ಅರ್ಧಕ್ಕಿಳಿಸುತ್ತದೆ ಎಂದು 2002ರಲ್ಲೇ ಖಚಿತವಾಗಿದೆ, ಮೊದಲ ಡೋಸನ್ನು ಎಎನ್‌ಎಂ ಕೊಟ್ಟೇ ಕಳಿಸಬಹುದು. ಕಾಲು ಬಾವು, ತಲೆನೋವು, ಕಣ್ಣು ಮಂಜು ಎಂದರೆ ‘ಬಸುರಿಯಲ್ಲಿ ಇದ್ದದ್ದೇ’ ಎನ್ನುವ ಅಜ್ಜಿಯರನ್ನು ಒಪ್ಪಿಸುವುದೇ ಕಷ್ಟದ ಭಾಗ.

ರಕ್ತದ ಮಾತಿಗೆ ಮರಳಿದರೆ, ಒಬ್ಬಳ ಮೈಯಿಂದ ಮುಕ್ಕಾಲು ಲೀಟರ್ ಹೋದರೆ ಅವಳು ಸುಸ್ತಾಗಿ ಮಲಗುತ್ತಾಳೆ, ಇನ್ನೊಬ್ಬಳು ಸಾಯುತ್ತಾಳೆ. ವ್ಯತ್ಯಾಸ ಇರುವುದು ಹೆರಿಗೆ ಕೋಣೆಯಲ್ಲಲ್ಲ, ಆರು ತಿಂಗಳ ಹಿಂದಿನ ಹಿಮೋಗ್ಲೋಬಿನ್‌ನಲ್ಲಿ. 2019–21ರ ಅದೇ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಕರ್ನಾಟಕದ ಬಸುರಿಯರಲ್ಲಿ ನೂರಕ್ಕೆ 45.7 ಮಂದಿಗೆ ರಕ್ತಹೀನತೆ, ಐದು ವರ್ಷದ ಹಿಂದಿನ ಸಮೀಕ್ಷೆಯಲ್ಲೂ ಹೆಚ್ಚುಕಡಿಮೆ ಅಷ್ಟೇ ಇತ್ತು. ಮೀನು ತಿನ್ನುವ ಕರಾವಳಿ, ಹಿತ್ತಿಲಲ್ಲಿ ಬಸಳೆ, ಹರಿವೆ ಬೆಳೆಯುವ ಮಲೆನಾಡು ಎಂದು ಸಮಾಧಾನ ಮಾಡಿಕೊಳ್ಳುವಂತಿಲ್ಲ. ಕಬ್ಬಿಣದ ಮಾತ್ರೆ ಅಂಗನವಾಡಿಯಲ್ಲಿ ಸಿಗುತ್ತದೆ. ವಾಕರಿಕೆ ಬರುತ್ತದೆ, ಮಲ ಕಪ್ಪಾಗುತ್ತದೆ, ಅದರ ಮೇಲೊಂದು ಲೋಟ ಚಾ ಕುಡಿದರೆ ಮೈಗೆ ಹತ್ತುವುದೂ ಇಲ್ಲ. ಮಾತ್ರೆ ಡಬ್ಬದಲ್ಲಿ ಉಳಿಯುತ್ತದೆ, ಕಾರ್ಡಿನಲ್ಲಿ ‘ಕೊಟ್ಟಿದೆ’ ಎಂದು ಬರೆದಿರುತ್ತದೆ. ಏಳನೇ ತಿಂಗಳಲ್ಲೂ ಹಿಮೋಗ್ಲೋಬಿನ್ ಏರದವಳಿಗೆ ಮಾತ್ರೆ ಬಿಟ್ಟು ರಕ್ತನಾಳಕ್ಕೆ ಕಬ್ಬಿಣದ ಡ್ರಿಪ್ ಹಾಕುವ ದಾರಿ ಈಗ ಸರ್ಕಾರಿ ವ್ಯವಸ್ಥೆಯಲ್ಲೇ ಇದೆ. ನನ್ನ ತಂಗಿಯ ‘ತಾಯಿ ಕಾರ್ಡ್’ನಲ್ಲಿ 8.2 ಎಂದು ಕೆಂಪು ಶಾಯಿಯಲ್ಲಿ ಬರೆದು ಸುತ್ತಲೂ ವೃತ್ತ ಹಾಕಿತ್ತು. ವೃತ್ತ ಹಾಕಿದ್ದೇ ಚಿಕಿತ್ಸೆ.

ಆದರೆ ಆ ವೃತ್ತ ಹಾಕಿದವರನ್ನು ಬೈಯುವುದೂ ಕಷ್ಟ. ಅವಳು ಪರೀಕ್ಷೆ ಮಾಡಿಸಿಕೊಂಡದ್ದು ಗಂಡನ ಊರಾದ ಬೆಂಗಳೂರಿನಲ್ಲಿ. ಸೀಮಂತ ಮುಗಿಸಿಕೊಂಡು ಏಳರಲ್ಲಿ ತವರಿಗೆ ಬಂದಳು. ಅಲ್ಲಿಯ ಆಶಾ ಕಾರ್ಯಕರ್ತೆ ಅವಳನ್ನು ಪಟ್ಟಿಯಿಂದ ಬಿಟ್ಟಿದ್ದರು, ಇಲ್ಲಿಯ ಆಶಾಗೆ ಅವಳು ಬಂದದ್ದೇ ತಿಂಗಳ ಮೇಲೆ ಗೊತ್ತಾಯಿತು. ಚೊಚ್ಚಲ ಹೆರಿಗೆ ತವರಿನಲ್ಲಿ ಎಂಬುದು ನಮ್ಮ ಹೆಣ್ಣುಮಕ್ಕಳಿಗೆ ಸಿಗುವ ದೊಡ್ಡ ಸುಖ, ಅದನ್ನು ಕಿತ್ತುಕೊಳ್ಳಬೇಕೆಂದು ಹೇಳುತ್ತಿಲ್ಲ. ಆದರೆ ಊರು ಬಿಟ್ಟು ಪೇಟೆ ಸೇರಿದ ಮಕ್ಕಳೆಲ್ಲ ಅಪಾಯದ ಕಡೆಯ ಎರಡು ತಿಂಗಳಿಗೆ ಪೇಟೆಯ ಆಸ್ಪತ್ರೆ ಬಿಟ್ಟು ಕಾಡಿನ ಅಂಚಿಗೆ ಬರುತ್ತಾರೆ, ಹಲವರು ಮಳೆಗಾಲದಲ್ಲೇ. ನಮ್ಮ ಯೋಜನೆಗಳು ಹೆಂಗಸನ್ನು ಗಂಡನ ವಿಳಾಸದಲ್ಲಿ ಎಣಿಸುತ್ತವೆ, ಅವಳು ಹೆರುವುದು ಅಮ್ಮನ ವಿಳಾಸದಲ್ಲಿ.

ಕೂಸಿನ ಕಡೆ ಬಂದರೆ ಲೆಕ್ಕ ಗಂಟೆಯಿಂದ ನಿಮಿಷಕ್ಕೆ ಇಳಿಯುತ್ತದೆ. ಹುಟ್ಟಿದ ಕೂಸು ಉಸಿರಾಡದಿದ್ದರೆ ಮೈ ಒರೆಸಿ, ಬೆನ್ನು ಉಜ್ಜಿ, ಆದರೂ ಆಗದಿದ್ದರೆ ಅಂಬು ಬ್ಯಾಗಿನಿಂದ ಗಾಳಿ ಒತ್ತಬೇಕು, ಎಲ್ಲ ಮೊದಲ ಒಂದು ನಿಮಿಷದೊಳಗೆ. ಇಲ್ಲಿ ರೆಫರ್ ಎಂಬ ಮಾತೇ ಇಲ್ಲ. ಭಾರತದಲ್ಲಿ 2020ರ ಲೆಕ್ಕದಂತೆ ಐದು ವರ್ಷ ತುಂಬುವ ಮೊದಲೇ ಸಾಯುವ ಮಕ್ಕಳು ಸಾವಿರಕ್ಕೆ 32. ಅವರಲ್ಲಿ 20 ಮಂದಿ ಹುಟ್ಟಿದ ಮೊದಲ 28 ದಿನದಲ್ಲೇ ಹೋಗುತ್ತಾರೆ, ಬಹುಪಾಲು ಮೊದಲ ವಾರದಲ್ಲಿ. ಕಾರಣ ಮೂರು: ದಿನ ತುಂಬದೆ ಹುಟ್ಟುವುದು, ಹುಟ್ಟುವಾಗ ಉಸಿರು ಕಟ್ಟುವುದು, ಸೋಂಕು.

ದಿನ ತುಂಬದ ಕೂಸಿಗೆ ಗಾಜಿನ ಪೆಟ್ಟಿಗೆಯೇ ಗತಿ ಎಂದು ನಾವು ನಂಬಿದ್ದೇವೆ. 2021ರಲ್ಲಿ ಪ್ರಕಟವಾದ ಐದು ದೇಶಗಳ ಅಧ್ಯಯನ, ಭಾರತವೂ ಅದರಲ್ಲಿತ್ತು, ಬೇರೆಯದನ್ನೇ ತೋರಿಸಿತು. ಒಂದರಿಂದ 1.8 ಕಿಲೋ ತೂಕದ ಕೂಸುಗಳನ್ನು ಹುಟ್ಟಿದ ಕೂಡಲೇ ತಾಯಿಯ ಬರಿಯೆದೆಗೆ ಒತ್ತಿ ಕಟ್ಟಿದರೆ, ಸ್ಥಿತಿ ಸುಧಾರಿಸಿದ ಮೇಲೆ ಹಾಗೆ ಮಾಡುವುದಕ್ಕೆ ಹೋಲಿಸಿದರೆ, ಸಾವು ನೂರಕ್ಕೆ 25ರಷ್ಟು ಕಡಿಮೆ. ಕಾಂಗರೂ ಆರೈಕೆ ಎನ್ನುತ್ತಾರೆ. ನಮ್ಮ ಕೊಪ್ಪಳದಲ್ಲೇ ಇದನ್ನು ಇಡೀ ಜಿಲ್ಲೆಗೆ ಹಬ್ಬಿಸುವ ಪ್ರಯತ್ನ ನಡೆದಿದೆ. ಇದಕ್ಕೆ ಬೇಕಾದದ್ದು ಒಂದು ಒರಗುಕುರ್ಚಿ, ಒಂದು ಬಟ್ಟೆ, ಮತ್ತು ಎಳೆಕೂಸಿನ ಘಟಕದೊಳಗೆ ಹಗಲಿರುಳು ಕೂರಲು ತಾಯಿಗೆ ಅನುಮತಿ. ಕಡೆಯದು ಸಿಗುವುದೇ ಕಷ್ಟ. ಕೂಸು ಒಳಗೆ, ಬಾಣಂತಿ ಹೊರಗಿನ ಬೆಂಚಿನ ಮೇಲೆ ಎದೆ ಬಿಗಿದು ಕೂತಿರುವ ದೃಶ್ಯ ನಮಗೆಲ್ಲ ಪರಿಚಿತ.

ಮನೆಗೆ ಬಂದ ಮೇಲಿನ ಕಾವಲು ಆಶಾ ಕಾರ್ಯಕರ್ತೆಯದು. ಮೂರು, ಏಳು, ಹದಿನಾಲ್ಕು, ಇಪ್ಪತ್ತೊಂದು, ಇಪ್ಪತ್ತೆಂಟು, ನಲವತ್ತೆರಡನೇ ದಿನ ಹೀಗೆ ಆರು ಭೇಟಿ. ಕೊಕ್ಕೆ ತಕ್ಕಡಿಗೆ ಜೋಲಿ ಸಿಕ್ಕಿಸಿ ತೂಕ ನೋಡುತ್ತಾರೆ, ಕಂಕುಳಲ್ಲಿ ಥರ್ಮಾಮೀಟರ್ ಇಡುತ್ತಾರೆ, ನಿಮಿಷಕ್ಕೆ ಎಷ್ಟು ಉಸಿರು ಎಂದು ಎಣಿಸುತ್ತಾರೆ, 60 ದಾಟಿದರೆ ಅಪಾಯ. ಇದರ ಬೇರು ಮಹಾರಾಷ್ಟ್ರದ ಗಡಚಿರೋಲಿಯಲ್ಲಿದೆ. ಅಲ್ಲಿ ಅಭಯ್ ಬಂಗ್, ರಾಣಿ ಬಂಗ್ ದಂಪತಿ ಹಳ್ಳಿಯ ಹೆಂಗಸರಿಗೇ ತರಬೇತಿ ಕೊಟ್ಟು ನವಜಾತ ಶಿಶುಗಳ ಸಾವನ್ನು ನೂರಕ್ಕೆ 62ರಷ್ಟು ಇಳಿಸಿದ ಲೆಕ್ಕ 1999ರಲ್ಲಿ ಪ್ರಕಟವಾಯಿತು. ಸರ್ಕಾರ ಅದನ್ನು 2011ರಲ್ಲಿ ದೇಶಕ್ಕೆಲ್ಲ ತಂದು, ಆರೂ ಭೇಟಿಗೆ ಒಟ್ಟು 250 ರೂಪಾಯಿ ನಿಗದಿ ಮಾಡಿತು. ಶ್ರಾವಣದ ಮಳೆಯಲ್ಲಿ, ಉಂಬಳ ಕೀಳುತ್ತ, ಸಂಕ ದಾಟಿ ಆರು ಸಲ ಹೋಗಿ ಬರಲು 250 ರೂಪಾಯಿ. ಆಶಾ ಕಾರ್ಯಕರ್ತೆಯರು 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಧರಣಿ ಹೂಡಿ ಚಳಿಗೆ ಮಲಗಿದ್ದು ಸುಮ್ಮನಲ್ಲ.

ಬಾಣಂತನದ ನಮ್ಮ ಪದ್ಧತಿಯ ಬಗ್ಗೆ ಒಂದು ಮಾತು. ಅದರಲ್ಲಿ ಒಳ್ಳೆಯದಿದೆ: ವಿಶ್ರಾಂತಿ, ಬೆಚ್ಚಗಿನ ಕೋಣೆ, ಬಂದುಹೋಗುವವರ ಕೈ ಕೂಸಿಗೆ ತಾಗದಿರುವುದು. ಕೆಡುಕೂ ಇದೆ: ಹುಟ್ಟಿದ ದಿನವೇ ಮೀಯಿಸುವುದು (ಕಡೇಪಕ್ಷ 24 ಗಂಟೆ ಕಾಯಬೇಕು), ಮೊದಲ ದಪ್ಪ ಹಾಲನ್ನು ಹಿಂಡಿ ಚೆಲ್ಲಿ ಜೇನುತುಪ್ಪ ನೆಕ್ಕಿಸುವುದು, ಬಾಣಂತಿಗೆ ನೀರು ಕಡಿಮೆ ಕೊಡುವುದು. ಇವನ್ನು ಬಿಡಿಸಬಲ್ಲವರು ಡಾಕ್ಟರಲ್ಲ, ಮನೆಯ ಹಿರಿಯ ಹೆಂಗಸರು. ಬಾಣಂತಿಯ ತಪಾಸಣೆಗೆ ಬಂದ ಅಮ್ಮ, ಅತ್ತೆಯನ್ನು ‘ಹೊರಗೆ ನಿಲ್ಲಿ’ ಎಂದು ಕಳಿಸುವ ಆಸ್ಪತ್ರೆ ತನ್ನ ಮುಖ್ಯ ವಿದ್ಯಾರ್ಥಿಗಳನ್ನೇ ಕ್ಲಾಸಿನಿಂದ ಹೊರಗೆ ಹಾಕಿದಂತೆ.

ತಿಂಗಳು ದಾಟಿದ ಮಕ್ಕಳ ವಿಷಯದಲ್ಲಿ ದಾರಿ ಹೆಚ್ಚು ಸವೆದಿದೆ: ಭೇದಿಗೆ ಓಆರ್‌ಎಸ್, ಸತು, ಜೊತೆಗೆ ನ್ಯುಮೋನಿಯಾ ಮತ್ತು ರೋಟಾ ಲಸಿಕೆ. ಅದು ನಡೆಯುತ್ತಿದೆ. ಕಟ್ಟೆಯಿಲ್ಲದ ಬಾವಿ, ಅಡಿಕೆ ತೋಟದ ಕೆರೆ, ಮನೆ ಹಿಂದಿನ ಹಳ್ಳ, ಇವು ಯಾವ ಆರೋಗ್ಯ ಯೋಜನೆಯ ಪಟ್ಟಿಯಲ್ಲೂ ಇಲ್ಲ, ನಡೆಯಲು ಕಲಿತ ಮಗುವಿಗೆ ನಮ್ಮ ಕಡೆ ಅದೂ ಒಂದು ಕಾಯಿಲೆಯೇ.

ಕಡೆಗೆ, ಸತ್ತವರಿಂದ ಕಲಿಯುವ ಪ್ರಶ್ನೆ. ಜಿಲ್ಲೆಯೊಂದರಲ್ಲಿ ವರ್ಷಕ್ಕೆ ಹದಿನೈದು ಸಾವಿರ ಹೆರಿಗೆ ಎಂದು ಇಟ್ಟುಕೊಳ್ಳಿ. ರಾಜ್ಯದ 69ರ ಸರಾಸರಿಯಲ್ಲಿ ಅಲ್ಲಿ ಸಾಯುವ ತಾಯಂದಿರು ಹತ್ತೋ ಹನ್ನೊಂದೋ. ಇಷ್ಟು ಸಣ್ಣ ಸಂಖ್ಯೆಯ ಮೇಲೆ ‘ಕಳೆದ ವರ್ಷಕ್ಕಿಂತ ಇಳಿಕೆ’ ಎಂದು ಹೇಳಿಕೆ ಕೊಡುವುದರಲ್ಲಿ ಅರ್ಥವಿಲ್ಲ, ಎರಡು ಸಾವು ಅತ್ತಿತ್ತ ಆದರೆ ಲೆಕ್ಕವೇ ತಲೆಕೆಳಗು. ಆದರೆ ಹತ್ತು ಸಾವು ಎಂದರೆ ಹತ್ತು ಕತೆ, ಒಂದೊಂದನ್ನೂ ನಿಮಿಷ ನಿಮಿಷವಾಗಿ ಓದಬಹುದು. ನಿಯಮದಂತೆ ಪ್ರತಿ ಸಾವಿನ ವಿಮರ್ಶೆ ಆಗಬೇಕು, ಜಿಲ್ಲಾಧಿಕಾರಿಯ ಮುಂದೂ ಸಭೆ ನಡೆಯಬೇಕು. ಆ ಸಭೆ ಯಾರ ತಲೆ ಉರುಳುತ್ತದೆ ಎಂಬ ಸಭೆಯಾದರೆ ಎಲ್ಲರೂ ಕೇಸ್ ಶೀಟ್ ತಿದ್ದಿಕೊಂಡೇ ಬರುತ್ತಾರೆ. ರೆಫರ್ ಕೂಡ ಇದೇ ಭಯದ ಕೂಸು: ಸಾವು ನನ್ನ ರಿಜಿಸ್ಟರಿನಲ್ಲಿ ಬೇಡ, ದಾರಿಯಲ್ಲೋ ಮುಂದಿನವರಲ್ಲೋ ಆಗಲಿ. ಕೇರಳದ ಪ್ರಸೂತಿ ತಜ್ಞರು 2004ರಿಂದ ಬೇರೆ ದಾರಿ ಹಿಡಿದರು. ತಾಯಿಯ ಹೆಸರು, ಡಾಕ್ಟರ ಹೆಸರು, ಆಸ್ಪತ್ರೆಯ ಹೆಸರು ಎಲ್ಲ ಅಳಿಸಿ, ಏನಾಯಿತು ಎಂಬುದನ್ನಷ್ಟೇ ಇಟ್ಟುಕೊಂಡು ಗುಟ್ಟಾಗಿ ಚರ್ಚಿಸಿ, ಕಲಿತದ್ದನ್ನು ಎಲ್ಲ ಹೆರಿಗೆ ಕೋಣೆಗಳಿಗೂ ಹಂಚಿದರು. ಅಲ್ಲಿಯ 19ರ ಹಿಂದೆ ಇದರ ಪಾಲು ದೊಡ್ಡದು ಎಂದು ನನಗನ್ನಿಸುತ್ತದೆ. ಬಾಣಂತಿ ಸತ್ತರೆ ಆಸ್ಪತ್ರೆಯ ಗಾಜು ಒಡೆಯುವ ನಾವೂ ಆ ಭಯಕ್ಕೆ ಗೊಬ್ಬರ ಹಾಕುತ್ತಿದ್ದೇವೆ.

ನನ್ನ ತಂಗಿಯ ಕತೆ ಬಾಕಿ ಇತ್ತು. ಆ ರಾತ್ರಿ ಅವಳನ್ನು ಆಂಬುಲೆನ್ಸಿಗೆ ಹತ್ತಿಸುವ ಮುಂಚೆ ಒಬ್ಬ ಹಿರಿಯ ಸಿಸ್ಟರ್ ತಾನೂ ಹತ್ತಿದರು. ದಾರಿಯುದ್ದಕ್ಕೂ, ಒಂದು ಗಂಟೆ ನಲವತ್ತು ನಿಮಿಷ, ಎರಡೂ ಕೈಯಿಂದ ಗರ್ಭಕೋಶವನ್ನು ಹೊಟ್ಟೆಯ ಮೇಲಿನಿಂದ ಒತ್ತಿ ಹಿಡಿದೇ ಕೂತಿದ್ದರಂತೆ. ಇಳಿಯುವಾಗ ಅವರ ಬೆರಳು ಮಡಚಲು ಬರುತ್ತಿರಲಿಲ್ಲ ಎಂದು ಚಿಕ್ಕಮ್ಮ ಈಗಲೂ ಹೇಳುತ್ತಾಳೆ. ಅವರ ಡ್ಯೂಟಿ ಎರಡು ಗಂಟೆ ಮೊದಲೇ ಮುಗಿದಿತ್ತು.

ತಂಗಿಗೆ ಈಗ ಮತ್ತೆ ಆರು ತಿಂಗಳು. ದಿನ ತುಂಬುವುದು ಜುಲೈನಲ್ಲಿ. ಈ ಸಲವೂ ತವರಿಗೇ ಬರುತ್ತಾಳಂತೆ. ಚಿಕ್ಕಮ್ಮ ಅಡುಗೆಮನೆಯ ಕ್ಯಾಲೆಂಡರಿನ ಹಿಂಬದಿಯಲ್ಲಿ ಮೂರು ಪ್ರಶ್ನೆ ಬರೆದು, ಆಸ್ಪತ್ರೆಗೆ ಫೋನ್ ಮಾಡಿ ಕೇಳಿದ್ದಾಳೆ. ರಾತ್ರಿ ಹೆರಿಗೆ ಡಾಕ್ಟರು ಇರುತ್ತಾರಾ? ಇರುತ್ತಾರೆ, ವಾರದಲ್ಲಿ ನಾಲ್ಕು ದಿನ. ಒ ನೆಗೆಟಿವ್ ರಕ್ತ ಇಟ್ಟಿರುತ್ತೀರಾ? ಬೇಕಾದಾಗ ತರಿಸುತ್ತೇವೆ. ಎಷ್ಟು ಹೊತ್ತು ಹಿಡಿಯುತ್ತದೆ ಎಂಬುದು ಮೂರನೆಯದು. ಅದಕ್ಕೆ, ‘ಡಾಕ್ಟರ ಹತ್ರ ಕೇಳಿ ಹೇಳ್ತೆ, ಅಮ್ಮಾ’ ಎಂದು ಫೋನ್ ಇಟ್ಟಿದ್ದಾರೆ.